ಕಾಡಿಗೆಯಿಲ್ಲದ ಸೇನಾಪತಿ

ಏಪ್ರಿಲ್ 13, ಭಾನುವಾರ. ಬೆಳಿಗ್ಗೆ 6.20

ಊದುಬತ್ತಿಯ ಕಿಡಿ ನೋಡುತ್ತ ಕಣ್ಣು ತಿರುಗಿಸಿದ್ದಾಯಿತು. ಎಡಕ್ಕೆ ನೂರು, ಬಲಕ್ಕೆ ನೂರು. ರಂಗಕ್ಕೆ ಬೇಕಾದ ಕಣ್ಣಿಗೆ ಹದಿನಾರು ವರ್ಷದ ಅಭ್ಯಾಸ. ಇವತ್ತು ಮಾತ್ರ ಮೂರು ಸಲ ಲೆಕ್ಕ ತಪ್ಪಿತು. ತಪ್ಪದೆ ಇನ್ನೇನು!

ನಿನ್ನೆ ತಾಲೀಮು ಮುಗಿದ ಮೇಲೆ ಹೊಂಗ್ ಅತ್ತೆ ಬೆವರು ಒರೆಸಿಕೊಳ್ಳುತ್ತ ಹೇಳಿದ್ದು, ಸಾರಿಗೆ ಉಪ್ಪು ಸಾಲದು ಅನ್ನುವಷ್ಟು ಸಲೀಸಾಗಿ: "ಈ ಸಲ ಸೇನಾಪತಿ ನೀನೇ ಕಣೆ ಆಲಿಯೆನ್. ನಂಗೆ ಅರವತ್ತೆಂಟಾಯ್ತು. ನಾನು ಅಮ್ಮನ ಪಾತ್ರ ಮಾಡ್ತೀನಿ."

ಅಷ್ಟೇ. ಟವೆಲ್ ಹೆಗಲಿಗೆ ಹಾಕಿಕೊಂಡು ಹೊರಟೇಹೋದರು.

ಅತ್ತೆ ಅಂದರೆ ನನ್ನ ಸ್ವಂತ ಅತ್ತೆಯಲ್ಲ. ಮೇಳದ ಒಡತಿ. ಇಡೀ ಯಿಲಾನ್‌ ಜಿಲ್ಲೆಗೇ ಅವರು ಅತ್ತೆ. ನಲವತ್ತು ವರ್ಷದಿಂದ ನಮ್ಮ ಮೇಳದ ರಾಜ, ಸೇನಾಪತಿ, ಪ್ರೇಮಿ ಎಲ್ಲ ಅವರೇ. ನಮ್ಮಲ್ಲಿ ಗಂಡುವೇಷ ಹೆಂಗಸರದ್ದೇ ಅಲ್ಲವೆ. ನಾನು? ದಾಸಿ, ಕಾವಲುಗಾರ, ಓಲೆಕಾರ... ಒಂದು ಸಲ ಕುದುರೆಯ ಹಿಂಗಾಲು.

ನಾಟಕ ಇಪ್ಪತ್ತಾರಕ್ಕೆ, ಶನಿವಾರ, ಮಧ್ಯಾಹ್ನ ಎರಡೂವರೆ. ಯಾವಾಗಿನ ಹಾಗೆ ಲಾರಿ ಮೇಲಿನ ರಂಗ ಅಲ್ಲ. ಜಿಲ್ಲೆಯ ಒಳಾಂಗಣ ರಂಗಮಂದಿರ, ಆರುನೂರ ನಲವತ್ತು ಕುರ್ಚಿ! ಕಣ್ಣಿನ ದೃಶ್ಯ ಈಗಲೇ ಎದುರಿಗೆ ಬಂದು ನಿಲ್ಲುತ್ತದೆ. ಯುದ್ಧದಿಂದ ಬಂದ ಸೇನಾಪತಿ ದಾರಿಬದಿಯ ಚಹಾ ಮಾರುವ ಮುದುಕಿಯೇ ತನ್ನ ತಾಯಿ ಅಂತ ಗುರುತು ಹಿಡಿಯುತ್ತಾನೆ. ಸುತ್ತ ರಾಜನ ಗೂಢಚಾರರು. ಬಾಯಿ ಬಿಡುವ ಹಾಗಿಲ್ಲ. ಮಾತಿಲ್ಲ, ಹಾಡಿಲ್ಲ. ಡೋಲಿನ ಮೂವತ್ತಾರು ಪೆಟ್ಟು, ನಾಲ್ಕು ಕಣ್ಣು.

ಎಡಗಣ್ಣು ಸ್ವಲ್ಪ ಕೆರೆತ. ಪರಾಗ ಇರಬೇಕು, ಹೂವಿನ ಕಾಲ.

ಏಪ್ರಿಲ್ 14, ಸೋಮವಾರ. ಬೆಳಿಗ್ಗೆ 7

ಎಡಗಣ್ಣು ತೆರೆಯಲೇ ಇಲ್ಲ! ಅಂಟು ಹಾಕಿದ ಹಾಗೆ. ಬಿಸಿನೀರಲ್ಲಿ ನೆನೆಸಿ ಬಿಡಿಸಿದೆ. ಹಳದಿ ಗೀಜು. ಒಳಗೆಲ್ಲ ಕೆಂಪು.

ನನ್ನ ಗಂಡ ಆಕುನ್ ಹೊಲದಿಂದ ಈರುಳ್ಳಿ ಸೊಪ್ಪಿನ ಕಟ್ಟು ಹೊತ್ತು ಬಂದವನು ನೋಡಿ ನಕ್ಕ. "ಸೊಪ್ಪು ತೊಳೆದ ಕೈಲಿ ಉಜ್ಕೊಂಡಿರ್ತೀಯ. ಇಲ್ಲಾ, ಪಾತ್ರ ಸಿಕ್ತು ಅಂತ ಅತ್ತಿರ್ತೀಯ."

"ಎರಡೂ ಇಲ್ಲ. ಸುಮ್ನಿರು."

ಇವತ್ತೇ ಪೋಸ್ಟರ್ ಫೋಟೋ. ಇವತ್ತೇ ಬರಬೇಕಿತ್ತೆ!

ಸಂಜೆ 5

ಫೋಟೋ ಮುಗಿಯಿತು. ಎಂಥ ದಿನ! ಕೆಂಪು ಅಂಗಿ, ಬೆನ್ನಿಗೆ ನಾಲ್ಕು ಬಾವುಟ, ತಲೆ ಮೇಲೆ ಎರಡು ಮಾರುದ್ದದ ಗರಿ. ಸಿಯುಕಿಮ್, ನಮ್ಮ ನಾಯಕಿ, ಇಪ್ಪತ್ತು ವರ್ಷದಿಂದ ರಾಜಕುಮಾರಿ. ನನ್ನನ್ನು ಅಡಿಯಿಂದ ಮುಡಿಯವರೆಗೆ ನೋಡಿ ಹೇಳಿದಳು: "ಪರವಾಗಿಲ್ಲ. ಕುದುರೆಗೆ ಮುಂಗಾಲೂ ಬಂತು."

ಕಣ್ಣಿನ ವಿಷಯ ಯಾರಿಗೂ ಹೇಳಲಿಲ್ಲ. ಬಣ್ಣದ ಪೆಟ್ಟಿಗೆಯಲ್ಲಿ ಒಂದು ಡ್ರಾಪ್ಸ್ ಬಾಟ್ಲಿ ಸದಾ ಇರುತ್ತದೆ. ಯಾರು ತಂದಿಟ್ಟರೋ, ಯಾವ ಕಾಲದ್ದೋ. ಕಣ್ಣು ಉರಿದವರೆಲ್ಲ ಅದನ್ನೇ ಹಾಕಿಕೊಳ್ಳುವುದು. ಎರಡು ಹನಿ ಬಿಟ್ಟೆ. ಹತ್ತು ನಿಮಿಷದಲ್ಲಿ ಕಣ್ಣು ಬೆಳ್ಳಗೆ! ಕನ್ನಡಕ ತೆಗೆದು ಲೆನ್ಸ್ ಹಾಕಿದೆ.

ಆಮೇಲೆ ಕಾಡಿಗೆ. ನಮ್ಮಲ್ಲಿ ಎಲ್ಲರಿಗೂ ಕಣ್ಣು ಬರೆಯುವುದು ಹೊಂಗ್ ಅತ್ತೆಯೇ. ಅವರ ತಾಯಿಯ ಕಾಲದ ತಗಡಿನ ಡಬ್ಬಿ, ಒಂದೇ ಕುಂಚ. ಮುಖ್ಯ ಪಾತ್ರಧಾರಿಗೆ ಮೊದಲ ಗೆರೆ. ಹದಿನಾರು ವರ್ಷದಲ್ಲಿ ಮೊದಲ ಸಲ ಆ ಕುಂಚ ಎಲ್ಲರಿಗಿಂತ ಮೊದಲು ನನ್ನ ಕಣ್ಣಿಗೆ ಬಂತು! ಉಸಿರು ಬಿಗಿಹಿಡಿದು ಕೂತಿದ್ದೆ. ಆಮೇಲೆ ಸಿಯುಕಿಮ್‌ಗೆ, ಆಮೇಲೆ ಉಳಿದವರಿಗೆ, ಕೊನೆಗೆ ಅತ್ತೆ ತಮ್ಮ ಕಣ್ಣಿಗೆ.

ಏಪ್ರಿಲ್ 15, ಮಂಗಳವಾರ. ಬೆಳಿಗ್ಗೆ 11

ಎರಡೂ ಕಣ್ಣು. ಆಕುನ್ ಈ ಸಲ ನಗಲಿಲ್ಲ. ಸ್ಕೂಟರ್ ಹಿಂದೆ ಕೂರಿಸಿಕೊಂಡು ಲೊಡೊಂಗ್ ಪೇಟೆಯ ಕಣ್ಣಿನ ಡಾಕ್ಟರ ಹತ್ತಿರ ಕರೆದುಕೊಂಡು ಹೋದ.

ಡಾಕ್ಟರ್ ಯೂ ನನಗಿಂತ ಚಿಕ್ಕವಳು. ಮಾತು ಪಟಪಟ. ರೆಪ್ಪೆ ಮಡಚಿ ನೋಡಿದಳು, ಗೀಜನ್ನು ಹತ್ತಿಕಡ್ಡಿಯಲ್ಲಿ ತೆಗೆದು ಕೊಳವೆಯಲ್ಲಿಟ್ಟಳು. "ಬ್ಯಾಕ್ಟೀರಿಯಾ. ಬಣ್ಣದ ಮೇಳದವರಾ ನೀವು? ಏನು ಹಾಕಿದ್ರಿ ಇದಕ್ಕೆ?"

ಜೊತೆಗೆ ತಂದಿದ್ದ ಪೆಟ್ಟಿಗೆಯ ಬಾಟ್ಲಿ ತೋರಿಸಿದೆ. ಬೆಳಕಿಗೆ ಹಿಡಿದಳು. "ಇದು ಕೆಂಪು ಮುಚ್ಚೋ ಔಷಧಿ. ರೋಗ ವಾಸಿ ಮಾಡಲ್ಲ. ಓಪನ್ ಮಾಡಿದ್ದು ಯಾವಾಗ?"

"ಹೋದ ವರ್ಷ... ಇರ್ಬೇಕು."

"ಯಾರ್ಯಾರು ಹಾಕ್ಕೊಳ್ತಾರೆ?"

"ಎಲ್ರೂ."

"ಒಂದು ಹಲ್ಲುಜ್ಜೋ ಬ್ರಷ್ಷಲ್ಲಿ ಇಡೀ ಮೇಳ ಹಲ್ಲುಜ್ತೀರಾ?"

"ಛೀ!"

"ಹಲ್ಲಿಗೆ ಛೀ, ಕಣ್ಣಿಗೆ ಸೈ!" ಬಾಟ್ಲಿ ಕಸದ ಬುಟ್ಟಿಗೆ. ಎಷ್ಟು ಗುರಿ ಇಟ್ಟು ಎಸೆದಳು ಅಂತೀರಿ.

ಹೊಸ ಆಂಟಿಬಯೋಟಿಕ್ ಬಾಟ್ಲಿ ಕೊಟ್ಟು ತಾನೇ ಹಾಕಿ ತೋರಿಸಿದಳು. ಮೊದಲು ಸೋಪು ಹಚ್ಚಿ ಕೈ ತೊಳಿ. ತಲೆ ಹಿಂದಕ್ಕೆ. ಕೆಳರೆಪ್ಪೆ ಮೆಲ್ಲಗೆ ಕೆಳಗೆಳೆದರೆ ಒಂದು ಪುಟ್ಟ ಜೇಬು ಆಗುತ್ತದೆ. ಆ ಜೇಬಿಗೆ ಒಂದೇ ಹನಿ. ಬಾಟ್ಲಿಯ ಮೂತಿ ಕಣ್ಣಿಗೂ ರೆಪ್ಪೆಗೂ ಬೆರಳಿಗೂ ತಾಕಕೂಡದು. ಕಣ್ಣು ಮುಚ್ಚು, ಮೂಗಿನ ಕಡೆಯ ಮೂಲೆ ಬೆರಳಲ್ಲಿ ಒತ್ತಿ ಒಂದು ನಿಮಿಷ ಹಿಡಿ. ಇಲ್ಲದಿದ್ದರೆ ಔಷಧಿ ಗಂಟಲಿಗೆ ಇಳಿಯುತ್ತದೆ.

"ದಿನಕ್ಕೆ ನಾಲ್ಕು ಸಲ, ಏಳು ದಿನ. ಮೂರನೇ ದಿನಕ್ಕೇ ಕಣ್ಣು ಬೆಳ್ಳಗಾಗುತ್ತೆ. ಆಗ ನಿಲ್ಸೋರೇ ಜಾಸ್ತಿ. ನಿಲ್ಲಿಸ್ಬೇಡಿ. ಲೆನ್ಸ್ ಬೇಡ, ಹಳೇದು ಡಬ್ಬಿ ಸಮೇತ ಎಸೀರಿ. ಕಾಡಿಗೆ ಬೇಡ. ಟವೆಲ್, ದಿಂಬಿನ ಚೀಲ ಬೇರೆ. ಕಣ್ಣು ನೋವು ಬಂದ್ರೆ, ಬೆಳಕು ಚುಚ್ಚಿದ್ರೆ, ಮಂಜಾದ್ರೆ ಅವತ್ತೇ ಓಡಿ ಬನ್ನಿ."

"ಇಪ್ಪತ್ತಾರಕ್ಕೆ ನಾಟಕ ಇದೆ ಡಾಕ್ಟ್ರೇ. ಮುಖ್ಯ ಪಾತ್ರ. ಹದಿನಾರು ವರ್ಷಕ್ಕೆ ಮೊದಲ್ನೇ ಸಲ."

ಅವಳ ಮುಖ ಅರಳಿತು. "ಹೌದಾ! ಹಾಗಾದ್ರೆ ದಿನ ಬೇಕಾದಷ್ಟಿದೆ. ನನ್ನ ಮಾತು ಕೇಳಿ, ನಾಟಕ ನಿಮ್ಮದು." ಆಮೇಲೆ ಬರೆಯುತ್ತ ತಲೆಯೆತ್ತದೆ ಕೇಳಿದಳು: "ಕಣ್ಣು ಕೆಂಪಾದ್ಮೇಲೆ ಬಣ್ಣದ ಕುಂಚ ಯಾರ ಜೊತೆಗೂ ಹಂಚ್ಕೊಂಡಿಲ್ಲ ತಾನೆ?"

"ಇಲ್ಲ" ಅಂದೆ.

ಯಾಕೆ ಹಾಗಂದೆ? ಗೊತ್ತು ಯಾಕೆ. ಹೌದು ಅಂದರೆ ಎಲ್ಲರಿಗೂ ಹೇಳು ಅನ್ನುತ್ತಾಳೆ. ಹೇಳಿದರೆ ಪಾತ್ರ ಹೋಗುತ್ತದೆ.

ಮಧ್ಯಾಹ್ನ 1

ಸ್ವಂತ ಕೈಯಿಂದ ಮೊದಲ ಪ್ರಯತ್ನ. ಒಂದು ಹನಿ ಮೂಗಿಗೆ, ಒಂದು ಕಿವಿಗೆ, ಒಂದು ಆಕುನ್‌ನ ಗಂಜಿ ಬಟ್ಟಲಿಗೆ. ನಾಲ್ಕನೆಯದು ಕಣ್ಣಿಗೆ! ಖುಷಿಯಲ್ಲಿ ಮೂಲೆ ಒತ್ತುವುದು ಮರೆತೆ. ಗಂಟಲೆಲ್ಲ ಕಹಿ.

ಏಪ್ರಿಲ್ 16, ಬುಧವಾರ

ಕನ್ನಡಕ ಹಾಕಿಕೊಂಡು ತಾಲೀಮು. "ಕಣ್ಣಿಗೆ ಸುಸ್ತು" ಅಂತ ಸುಳ್ಳು. ಸಿಯುಕಿಮ್ ಬಿಡುತ್ತಾಳೆಯೆ? "ಸೇನಾಪತಿಗಳು ಯಾವಾಗ ಬ್ಯಾಂಕ್ ಮ್ಯಾನೇಜರ್ ಆದ್ರಿ? ಯುದ್ಧಕ್ಕೆ ಮೊದ್ಲು ಪಾಸ್‌ಬುಕ್ ತೋರಿಸ್ಬೇಕಾ?"

ಎಲ್ಲರೂ ಬಿದ್ದು ಬಿದ್ದು ನಕ್ಕರು. ನಾನೂ.

ನಾಲ್ಕು ಸಲ ಹಾಕಿದೆ. ಗೀಜು ಅರ್ಧಕ್ಕರ್ಧ ಕಡಿಮೆ. ಕಣ್ಣಿನ ದೃಶ್ಯದ ಮೂವತ್ತಾರು ಪೆಟ್ಟು ಇವತ್ತು ಎಷ್ಟು ಚೆನ್ನಾಗಿ ಬಂತು! ಡೋಲಿನ ಬುನ್ಸಿಂಗ್ ಮಾವ ಬಾರಿಸುವುದು ನಿಲ್ಲಿಸಿ, "ಆಲಿಯೆನ್, ಇಷ್ಟು ವರ್ಷ ಎಲ್ಲಮ್ಮಾ ಬಚ್ಚಿಟ್ಟಿದ್ದೆ ಇದನ್ನ?" ಅಂದರು.

ಏಪ್ರಿಲ್ 17, ಗುರುವಾರ. ಬೆಳಿಗ್ಗೆ 6

ಬೆಳ್ಳಗೆ! ಎರಡೂ! ಮೊಟ್ಟೆಯ ಬಿಳಿಯ ಹಾಗೆ! ಆಕುನ್‌ನ ಎಬ್ಬಿಸಿ ತೋರಿಸಿದೆ. "ಮೂರನೇ ದಿನ ಬೆಳ್ಳಗಾಗುತ್ತೆ ಅಂತ ಆಯಮ್ಮ ಹೇಳಿದ್ಲಲ್ಲ" ಅಂದ, ಮಗ್ಗುಲಾದ. ಮಿಕ್ಕ ಮಾತನ್ನೂ ಅವನೇ ಹೇಳಬಹುದಿತ್ತು. ಹೇಳಲಿಲ್ಲ. ನಾನೂ ಕೇಳಲಿಲ್ಲ.

ನಾಳೆ ಪೂರ್ತಿ ವೇಷದ ತಾಲೀಮು. ರಂಗಮಂದಿರದ ಸಮಿತಿಯವರು ಬರುತ್ತಾರೆ. ಕನ್ನಡಕದ ಸೇನಾಪತಿಯನ್ನು ಅವರಿಗೆ ತೋರಿಸುವುದೆ?

ರಾತ್ರಿ 9

ಮಧ್ಯಾಹ್ನದ ಹನಿ ಬಿಟ್ಟುಹೋಯಿತು. ಸಂಜೆಯದ್ದೂ. ಪರವಾಗಿಲ್ಲ, ವಾಸಿಯಾಗಿದೆಯಲ್ಲ.

ಏಪ್ರಿಲ್ 18, ಶುಕ್ರವಾರ. ಸಂಜೆ 6

ಹಾಕಿದೆ. ಕಾಡಿಗೆಯೂ, ಹಳೆಯ ಲೆನ್ಸೂ. ಎಸೆದಿರಲಿಲ್ಲ.

ಸಮಿತಿಯವರು ಎದ್ದು ನಿಂತು ಚಪ್ಪಾಳೆ! ಅಧ್ಯಕ್ಷರು ಹೊಂಗ್ ಅತ್ತೆಯ ಕೈ ಹಿಡಿದು, "ಈಯಮ್ಮನ ಕಣ್ಣು ಮಾತಾಡುತ್ತೆ ಅತ್ತೆ, ಮಾತಾಡುತ್ತೆ" ಅಂದರು. ನೆಲದಿಂದ ಒಂದಡಿ ಮೇಲೆ ನಡೆದುಕೊಂಡು ಮನೆಗೆ ಬಂದೆ.

ಈಗ ತಾನೆ ಸಿಯುಕಿಮ್ ಫೋನು. "ಬಲಗಣ್ಣು ಟೊಮೇಟೋ ಆಗಿದೆ ಕಣೆ. ಯಾವ ಪಾಪಿ ಅಂಟಿಸಿದ್ಳೋ. ಸಿಕ್ಲಿ, ಜುಟ್ಟು ಹಿಡಿದು ನದಿಗೆ ಬಿಸಾಕ್ತೀನಿ."

ಆ ಪಾಪಿ ನಾನೇ ಅಂತ ಹೇಳದೆ ಫೋನು ಇಟ್ಟೆ. ನನ್ನ ಕಣ್ಣೂ ಕೆರೆಯುತ್ತಿದೆ.

ಏಪ್ರಿಲ್ 20, ಭಾನುವಾರ. ಮಧ್ಯಾಹ್ನ 3

ನಿನ್ನೆ ಬರೆಯಲಿಲ್ಲ. ಬರೆಯುವ ಮುಖ ಇರಲಿಲ್ಲ. ಈಗ ಇದೆ. ಕ್ರಮವಾಗಿ ಬರೆಯುತ್ತೇನೆ.

ಶನಿವಾರ ಬೆಳಿಗ್ಗೆ ಎದ್ದಾಗ ಎಡಗಣ್ಣು ಮತ್ತೆ ಅಂಟಿತ್ತು. ಅದೇ ಗೀಜು, ಮೊದಲಿಗಿಂತ ಜಾಸ್ತಿ. ತಾಲೀಮಿನ ಗೋದಾಮಿಗೆ ಹೋದರೆ ಇನ್ನೂ ಯಾರೂ ಬಂದಿಲ್ಲ. ಹೊಂಗ್ ಅತ್ತೆ ಒಬ್ಬರೇ ಬಣ್ಣದ ಪೆಟ್ಟಿಗೆಯ ಮುಂದೆ ಕೂತು ತಲೆ ಹಿಂದಕ್ಕೆ ವಾಲಿಸಿ ಬಲಗಣ್ಣಿಗೆ ಹನಿ ಬಿಡಲು ಹೊರಟಿದ್ದರು. ಕಣ್ಣು ಕೆಂಪು. ನೀರು ಸುರಿಯುತ್ತಿತ್ತು.

ಬಲಗಣ್ಣು! ಫೆಬ್ರವರಿಯಲ್ಲಿ ಪೊರೆಯ ಆಪರೇಷನ್ ಆದ ಕಣ್ಣು.

"ಅತ್ತೆ, ಅದೇನು ಹಾಕ್ತಿದೀರಿ?"

"ಆಪರೇಷನ್ ಮಾಡಿದಾಗ ಕೊಟ್ಟಿದ್ದು. ಅರ್ಧ ಉಳ್ದಿತ್ತು. ಊದುಬತ್ತಿ ಹೊಗೆಗೆ ಉರಿ ಬಂದಿದೆ ಅಷ್ಟೆ, ಗಾಬರಿಯಾಗ್ಬೇಡ."

ಡಾಕ್ಟರ್ ಯೂ ಹಳೆಯ ಬಾಟ್ಲಿಯನ್ನು ಬುಟ್ಟಿಗೆ ಎಸೆದಾಗಿನ ಮುಖ ಕಣ್ಣ ಮುಂದೆ ಬಂತು. ಬಾಟ್ಲಿ ಕಿತ್ತುಕೊಂಡೆ. ಹದಿನಾರು ವರ್ಷದಲ್ಲಿ ಅವರ ಕೈಯಿಂದ ಏನನ್ನೂ ಕಿತ್ತುಕೊಂಡವಳಲ್ಲ.

"ಹೊಗೆ ಅಲ್ಲ ಅತ್ತೆ. ನನ್ನಿಂದ ಬಂದಿದ್ದು." ಎಲ್ಲ ಹೇಳಿದೆ. ಸೋಮವಾರದ ಗೀಜು, ಪೆಟ್ಟಿಗೆಯ ಬಾಟ್ಲಿ, ಮೊದಲ ಗೆರೆ, ಡಾಕ್ಟರಿಗೆ ಹೇಳಿದ ಸುಳ್ಳು, ನಿಲ್ಲಿಸಿದ ಹನಿ. "ಪಾತ್ರ ಹೋಗುತ್ತೆ ಅಂತ ಹೆದರ್ಕೊಂಡೆ."

 ಅತ್ತೆ ಬೈದಿದ್ದರೆ ಚೆನ್ನಾಗಿತ್ತು. ಒಂದು ಕಣ್ಣಲ್ಲಿ ನೀರು ಸುರಿಸಿಕೊಂಡು ಇನ್ನೊಂದರಲ್ಲಿ ನನ್ನನ್ನೇ ನೋಡಿದರು. ಆಮೇಲೆ ಎದ್ದರು.

"ಗಾಡಿ ತೆಗಿ."

ಬುನ್ಸಿಂಗ್ ಮಾವ ಅಷ್ಟರಲ್ಲಿ ಬಂದರು, ಅವರ ವ್ಯಾನಿನಲ್ಲಿ ಹೋದೆವು. ದಾರಿಯಲ್ಲಿ ಸಿಯುಕಿಮ್‌ಳನ್ನೂ ಹತ್ತಿಸಿಕೊಂಡೆವು. ಹತ್ತಿದವಳಿಗೂ ಹೇಳಿದೆ. ಅವಳ ಬಾಯಿ ಐದು ನಿಮಿಷ ಕಟ್ಟಿಹೋಯಿತು. ಅದೂ ಮೊದಲ ಸಲ! ಆಮೇಲೆ ತೆರೆಯಿತು. "ಹದಿನಾರು ವರ್ಷ ನನ್ನ ದಾಸಿ ಪಾತ್ರ ಮಾಡಿದ್ದಕ್ಕೆ ಹೀಗಾ ಸೇಡು ತೀರಿಸ್ಕೊಳ್ಳೋದು? ವಿಷ ಹಾಕಿದ್ರೆ ಒಂದು ಮರ್ಯಾದೆ ಇರ್ತಿತ್ತು! ಗೀಜು ಹಾಕಿದ್ಯಲ್ಲೇ!"

ಬುನ್ಸಿಂಗ್ ಮಾವ ನಗು ತಡೆಯಲಾರದೆ ವ್ಯಾನನ್ನು ಬದಿಗೆ ನಿಲ್ಲಿಸಬೇಕಾಯಿತು.

ಡಾಕ್ಟರ್ ಯೂ ಅತ್ತೆಯ ಕಣ್ಣನ್ನು ಯಂತ್ರದ ಮುಂದೆ ಬಹಳ ಹೊತ್ತು ನೋಡಿದಳು.  

"ಮೇಲ್ಗಡೆ ಅಷ್ಟೆ," ಅಂದಳು ಕೊನೆಗೆ. "ಒಳಗಡೆ ಏನೂ ಇಲ್ಲ. ಆಪರೇಷನ್ ಆದ ಜಾಗ ಗಟ್ಟಿಯಾಗಿದೆ. ನೀವು ಹಾಕೋಕೆ ಹೊರಟಿದ್ದು ಊತ ಇಳಿಸೋ ಔಷಧಿ ಅಜ್ಜಿ, ಸ್ಟಿರಾಯ್ಡ್ ಇದೆ ಅದ್ರಲ್ಲಿ. ಆಪರೇಷನ್ ಹೊತ್ತಿಗೆ ಅದು ಸರಿ. ಈಗ ಹಾಕಿದ್ರೆ ಕೆಂಪು ಇಳಿದ ಹಾಗೆ ಕಾಣುತ್ತೆ, ಒಳಗಡೆ ರೋಗ ಆರಾಮಾಗಿ ಬೆಳೆಯುತ್ತೆ. ಮೇಲಾಗಿ ತೆರೆದು ಎರಡು ತಿಂಗ್ಳಾಯ್ತು. ಒಂದು ತಿಂಗ್ಳಾದ್ಮೇಲೆ ಯಾವ ಬಾಟ್ಲಿನೂ ಇಟ್ಕೋಬೇಡಿ. ಯಾರು ತಡೆದಿದ್ದು?"

ಅತ್ತೆ ಗಲ್ಲ ಎತ್ತಿ ನನ್ನ ಕಡೆ ತೋರಿಸಿದರು. "ಇವ್ಳೇ. ಅಂಟಿಸಿದ್ದೂ ಇವ್ಳೇ."

ಡಾಕ್ಟರಿಗೆ ನನ್ನ ಸುಳ್ಳನ್ನೂ ಒಪ್ಪಿಸಿದೆ. ಅವಳು ಪೆನ್ನು ಕೆಳಗಿಟ್ಟಳು. "ಆವತ್ತು ಹೇಳಿದ್ರೆ ಈ ಇಬ್ರಿಗೂ ಬರ್ತಿರ್ಲಿಲ್ಲವೇನೋ. ಇರಲಿ. ನಿಮ್ಮ ಏಳು ದಿನ ಇವತ್ತಿಂದ ಮತ್ತೆ ಒಂದರಿಂದ ಶುರು. ಎಲ್ರೂ ಇಪ್ಪತ್ತೈದಕ್ಕೆ ಬನ್ನಿ, ಆಗ ನೋಡಿ ಹೇಳ್ತೀನಿ."

ಇವತ್ತು ಇಡೀ ಮೇಳದ ಮುಂದೆ ನಿಂತು ಮತ್ತೊಮ್ಮೆ ಹೇಳಿದೆ. ನಾನೂ ಸೇರಿ ಬಣ್ಣ ಹಚ್ಚುವವರು ಒಂಬತ್ತು ಜನ. ಇನ್ನೂ ಇಬ್ಬರ ಕಣ್ಣು ಕೆಂಪಾಗಿತ್ತು, ಅವರನ್ನೂ ಡಾಕ್ಟರ ಹತ್ತಿರ ಕಳಿಸುವುದಾಯಿತು. ಹೇಳಿ ಮುಗಿಸಿ, ಸೇನಾಪತಿಯ ಕಿರೀಟವನ್ನು ಅತ್ತೆಯ ಮುಂದೆ ಇಟ್ಟೆ.

ಅತ್ತೆ ಅದನ್ನು ಮುಟ್ಟಲೂ ಇಲ್ಲ. "ಎತ್ತಿಡು. ತಪ್ಪು ಮಾಡಿದವ್ಳಿಗೆ ಪಾತ್ರ ಕಿತ್ಕೊಂಡ್ರೆ ಮುಂದಿನ ಸಲ ಯಾರಾದ್ರೂ ಹೇಳ್ತಾರಾ? ಮುಚ್ಚಿಡ್ತಾರೆ. ಶಿಕ್ಷೆ ಬೇರೆ ಇದೆ. ಇವತ್ತಿಂದ ಎಲ್ರ ಕಣ್ಣಿಗೂ ನಾಲ್ಕು ಹೊತ್ತೂ ಹನಿ ಹಾಕ್ಸೋ ಕೆಲ್ಸ ನಿಂದು. ಒಂದು ಹೊತ್ತು ತಪ್ಪಿದ್ರೆ ಕುದುರೆ ಹಿಂಗಾಲು."

"ಮುಂಗಾಲು ನಂಗೆ ಬೇಡ," ಅಂದಳು ಸಿಯುಕಿಮ್.

ಏಪ್ರಿಲ್ 21, ಸೋಮವಾರ. ಸಂಜೆ 7

ಐದು ಜನ, ಐದು ಬಾಟ್ಲಿ. ಒಂದೊಂದಕ್ಕೆ ಒಂದೊಂದು ಬಣ್ಣದ ದಾರ ಕಟ್ಟಿ ಹೆಸರು ಬರೆದೆ, ತೆರೆದ ತಾರೀಖೂ. ಎಂಟು ಗಂಟೆ, ಹನ್ನೆರಡು, ನಾಲ್ಕು, ಎಂಟು. ಬುನ್ಸಿಂಗ್ ಮಾವ ಸಮಯಕ್ಕೆ ಸರಿಯಾಗಿ ಡೋಲು ಬಾರಿಸುತ್ತಾರೆ. ಅದೂ ರಾಜ ದರ್ಬಾರಿಗೆ ಬರುವ ತಾಳ! ಐವರೂ ಸಾಲಾಗಿ ಕುರ್ಚಿ ಮೇಲೆ. ನಾನು ಕೈ ತೊಳಿ, ಒಬ್ಬರಿಗೆ ಹಾಕು, ಕೈ ತೊಳಿ, ಇನ್ನೊಬ್ಬರಿಗೆ ಹಾಕು. ಒಂದೇ ದಿನಕ್ಕೆ ಕೈ ಅಗಸನ ಕಲ್ಲಾಗಿದೆ.

ಸಿಯುಕಿಮ್! ಎರಡು ಮೇಜು ಎತ್ತರದಿಂದ ಕತ್ತಿ ಹಿಡಿದು ಪಲ್ಟಿ ಹೊಡೆಯುವ ರಾಜಕುಮಾರಿ! ಒಂದು ಹನಿ ಬರುತ್ತಿದೆ ಅಂದರೆ ಕಿರುಚುತ್ತಾಳೆ. ಕಣ್ಣು ಬಿಗಿ ಮುಚ್ಚಿ, "ಹಾಕಿದ್ಯಾ? ಹಾಕಿದ್ಯಾ?"

"ಕಣ್ಣು ಬಿಡೇ, ಹಾಕ್ತೀನಿ."

"ಬಿಟ್ರೆ ಹಾಕ್ತೀಯಲ್ಲೇ!"

ಮೂರು ಹನಿ ಕೆನ್ನೆಗೆ ದಂಡ. ಕೊನೆಗೆ ಡಾಕ್ಟರಿಗೆ ಫೋನ್ ಮಾಡಿದೆ. ಹೆದರುವವರಿಗೆ ಬೇರೆ ದಾರಿ ಇದೆಯಂತೆ. ಅಂಗಾತ ಮಲಗಿಸಿ, ಕಣ್ಣು ಮುಚ್ಚಿಕೊಂಡೇ ಇರಲಿ, ಮೂಗಿನ ಪಕ್ಕದ ಮೂಲೆಗೆ ಹನಿ ಬಿಡಿ. ಆಮೇಲೆ ಕಣ್ಣು ತೆರೆದರೆ ತಾನೇ ಒಳಗೆ ಇಳಿಯುತ್ತದೆ. ಹಾಗೇ ಮಾಡಿದೆ. ತೆರೆದಳು. ಇಳಿಯಿತು!

"ಅಯ್ಯೋ, ಇಷ್ಟೇನಾ?"

ಎಲ್ಲರೂ ಚಪ್ಪಾಳೆ ತಟ್ಟಿದರು. ಎದ್ದು ನಿಂತು ರಾಜಕುಮಾರಿಯ ಹಾಗೆ ಬಗ್ಗಿ ನಮಸ್ಕಾರ ಮಾಡಿದಳು. ಮಾಡಿ, ನನ್ನನ್ನು ನೋಡಿ ಮುಖ ತಿರುಗಿಸಿದಳು. ಇನ್ನೂ ಸಿಟ್ಟಿದೆ.

ಏಪ್ರಿಲ್ 23, ಬುಧವಾರ. ಸಂಜೆ 5

ಎಲ್ಲರ ಕಣ್ಣೂ ತಿಳಿಯಾಗುತ್ತಿದೆ. ಇಬ್ಬರು ಆಗಲೇ ಗುಸುಗುಸು ಶುರು ಮಾಡಿದರು: "ಬೆಳ್ಳಗಾಯ್ತಲ್ಲ, ಸಾಕು." ಎದ್ದು ನಿಂತು ಕೂಗಿದೆ: "ನಾನೂ ಹಾಗೇ ಅಂದ್ಕೊಂಡೆ! ನೋಡಿದ್ರಲ್ಲ, ಏನಾಯ್ತು!" ಸುಮ್ಮನೆ ಬಂದು ಕುರ್ಚಿಯಲ್ಲಿ ಕೂತರು.

ಮಧ್ಯಾಹ್ನ ಅತ್ತೆ ಬಣ್ಣದ ಪೆಟ್ಟಿಗೆ ತೆಗೆದರು. ಹಳೆಯ ಕುಂಚಗಳು, ಬಟ್ಟೆ ಚೂರುಗಳು, ಮೆತ್ತೆಗಳು, ಒಂದೊಂದಾಗಿ ಕಸದ ಚೀಲಕ್ಕೆ. ಕೊನೆಗೆ ಕಾಡಿಗೆಯ ಡಬ್ಬಿ. ಅದನ್ನು ಕೈಯಲ್ಲಿ ಹಿಡಿದು ಕೂತರು. ಅವರ ತಾಯಿಯ ಹೆಬ್ಬೆರಳ ಗುರುತು ಮುಚ್ಚಳದ ತಗಡಿನಲ್ಲಿ ಸವೆದು ಕೂತಿದೆ.

"ಡಬ್ಬಿ ಇಟ್ಕೊಳ್ಳಿ ಅತ್ತೆ," ಅಂದೆ. "ಬಿಸಿನೀರಲ್ಲಿ ಕುದಿಸಿ ಕೊಡ್ತೀನಿ. ಒಳಗಿರೋದು ಮಾತ್ರ..."

"ಅಮ್ಮ ನಂಗೆ ಗೆರೆ ಎಳೆಯೋವಾಗ ಹೇಳೋಳು, ಒಂದೇ ಕುಂಚದಲ್ಲಿ ಬರೆದ್ರೆ ಮೇಳ ಒಡೆಯಲ್ಲ ಅಂತ." ಮುಚ್ಚಳದ ಗುರುತಿನ ಮೇಲೆ ತಮ್ಮ ಹೆಬ್ಬೆರಳಿಟ್ಟು ನಕ್ಕರು. "ಅಮ್ಮಂಗೆ ನಿನ್ನ ಗೀಜಿನ ವಿಷಯ ಗೊತ್ತಿರ್ಲಿಲ್ಲ ಬಿಡು."

ಚಮಚದಲ್ಲಿ ಕೆರೆದು ತಾವೇ ಎಸೆದರು. ಕಪ್ಪು ಗಟ್ಟಿ ಕಲ್ಲಿನಂತಾಗಿತ್ತು. ಆಮೇಲೆ ಒಬ್ಬೊಬ್ಬರಿಗೂ ಹೊಸ ಕುಂಚ, ಕಾಡಿಗೆಯ ಹೊಸ ಪುಟ್ಟ ಕರಡಿಗೆ. ಹೆಸರು ಬರೆದು ಕೈಗೆ ಕೊಟ್ಟರು, ಮಕ್ಕಳಿಗೆ ಹಬ್ಬದ ಉಡುಗೊರೆ ಕೊಟ್ಟ ಹಾಗೆ. ಸಿಯುಕಿಮ್ ತನ್ನದನ್ನು ಮೂಸಿ ನೋಡಿ, "ಇದನ್ನ ಆಲಿಯೆನ್ ಮುಟ್ಟಿದ್ರೆ ಕೈ ಮುರೀತೀನಿ" ಅಂದಳು. ಆದರೆ ನಗುತ್ತ.

ಏಪ್ರಿಲ್ 25, ಶುಕ್ರವಾರ. ಮಧ್ಯಾಹ್ನ 12.30

ಐವರೂ ಡಾಕ್ಟರ್ ಯೂ ಮುಂದೆ. ಒಬ್ಬೊಬ್ಬರೇ ಯಂತ್ರದ ಮೇಲೆ ಗಲ್ಲ ಇಟ್ಟು...

ಅತ್ತೆ: ಸಂಪೂರ್ಣ ತಿಳಿ! ಸಿಯುಕಿಮ್: ತಿಳಿ! ಉಳಿದಿಬ್ಬರು: ತಿಳಿ! ನಾನು: ತಿಳಿ!

ಸಿಯುಕಿಮ್ ನನ್ನನ್ನು ತಬ್ಬಿಕೊಂಡು ಎತ್ತಿಯೇ ಬಿಟ್ಟಳು. ಡಾಕ್ಟರ್ ಕೈ ಎತ್ತಿದಳು. "ತಾಳಿ, ತಾಳಿ. ಏಳು ದಿನ ಪೂರ್ತಿ ಆಗೋವರೆಗೆ, ನಾಳೇನೂ, ಹನಿ ಹಾಕ್ಬೇಕು. ನಾಳೆ ಮುಖಕ್ಕೆ ಬಣ್ಣ ಹಚ್ಕೊಳ್ಳಿ, ಕೆನ್ನೆ, ಹಣೆ, ತುಟಿ ಎಲ್ಲ. ಕಣ್ಣಿನ ಅಂಚಿಗೆ ಮಾತ್ರ ಏನೂ ಬೇಡ. ಲೆನ್ಸೂ ಬೇಡ. ಔಷಧಿ ಮುಗಿದು ಎರಡು ದಿನ ಆಗ್ಲಿ."

ಕಾಡಿಗೆ ಇಲ್ಲದೆ? ಆರುನೂರ ನಲವತ್ತು ಕುರ್ಚಿಯ ಹಿಂದಿನ ಸಾಲಿಗೆ ನನ್ನ ಕಣ್ಣು ಎರಡು ಎಳ್ಳುಕಾಳು! ಲೆನ್ಸ್ ಇಲ್ಲದೆ ನನಗೆ ಎರಡನೇ ಸಾಲಿನಾಚೆ ಮಂಜು!

 ವ್ಯಾನು ಗೋದಾಮಿಗೆ ಬಂದಾಗ ಅತ್ತೆ ಇಳಿಯದೆ ಕೂತೇ ಕೇಳಿದರು: "ಕಾಡಿಗೆ ಇಲ್ದೆ ನೋಡೋಕೆ ಬರಲ್ವಾ ನಿಂಗೆ?"

"ನಂಗೆ ಬರುತ್ತೆ ಅತ್ತೆ. ಅವರಿಗೆ ಕಾಣ್ಬೇಕಲ್ಲ."

"ಐದು ಜನಕ್ಕೆ ಇಲ್ಲ, ನಾಲ್ಕು ಜನಕ್ಕೆ ಇದೆ ಅಂದ್ರೆ ನಿಮ್ಮ ಮುಖ ಬೋಳಾಗಿ ಕಾಣುತ್ತೆ. ಯಾರಿಗೂ ಬೇಡ. ಒಂಬತ್ತು ಮುಖಾನೂ ಹಾಗೇ. ಕಣ್ಣಿನ ದೃಶ್ಯಕ್ಕೆ ನಾವಿಬ್ರೂ ರಂಗದ ಅಂಚಿಗೆ ಬರೋಣ, ದೀಪ ಮುಖದ ಮೇಲೆ ಮಾತ್ರ. ಜನ ಕಣ್ಣು ಹುಡುಕ್ತಾರೆ. ಹುಡುಕ್ಲಿ."

ಸಿಯುಕಿಮ್ ಹಿಂದಿನ ಸೀಟಿನಿಂದ: "ಕಾಡಿಗೆ ಇಲ್ಲದ ರಾಜಕುಮಾರಿ ಅಂದ್ರೆ ಹಾಸಿಗೆಯಿಂದ ಈಗ್ತಾನೆ ಎದ್ದ ಹಾಗಿರ್ತೀನಿ. ಆಗ್ಲಿ. ಆದ್ರೆ ಪೋಸ್ಟರ್ ನೋಡಿ ಬಂದೋರು ಕೇಳಿದ್ರೆ ಆಲಿಯೆನ್ ಹೆಸ್ರು ಹೇಳ್ತೀನಿ."

ಸಂಜೆ 6

ಹೆಜ್ಜೆ ಎಣಿಸುತ್ತ ರಂಗದ ಮೇಲೆ ಹತ್ತು ಸಲ ನಡೆದೆ. ಬಲಗಡೆಯಿಂದ ಹದಿನೇಳು ಹೆಜ್ಜೆ, ಅಂಚಿಗೆ ಆರು. ಕನ್ನಡಕ ಇಲ್ಲದೆ. ಬಿದ್ದಿಲ್ಲ.

ಏಪ್ರಿಲ್ 26, ಶನಿವಾರ. ಮಧ್ಯಾಹ್ನ 12.20

ಹನ್ನೆರಡರ ಹನಿ ಐವರಿಗೂ ಆಯಿತು. ಹಾಕಿದ ಮೇಲೆ ಐದು ನಿಮಿಷ ಮಂಜು. ಕೂತಲ್ಲೇ ಕೂತೆವು, ಮೂಗಿನ ಮೂಲೆ ಒತ್ತಿಕೊಂಡು, ಐದು ಜನ ವೇಷ ಹಾಕಿದ ರಾಜರು ರಾಣಿಯರು. ರಂಗಮಂದಿರದವನು ಬಾಗಿಲು ತೆರೆದು ನೋಡಿ, ಮುಚ್ಚಿಕೊಂಡು ಹೋದ. ಏನೋ ಪ್ರಾರ್ಥನೆ ಅಂದುಕೊಂಡಿರಬೇಕು.

ಕುರ್ಚಿ ತುಂಬಿದೆಯಂತೆ. ಪೂರ್ತಿ! ಆಕುನ್ ಇಡೀ ಸಾನ್‌ಶಿಂಗ್ ಹಳ್ಳಿಯನ್ನೇ ಕರೆತಂದಿದ್ದಾನೆ. ಈರುಳ್ಳಿ ಸೊಪ್ಪಿನ ವಾಸನೆ ಇಲ್ಲಿಗೇ ಬರುತ್ತಿದೆ ಅಂತ ಸಿಯುಕಿಮ್ ದೂರುತ್ತಿದ್ದಾಳೆ.

ಮಧ್ಯಾಹ್ನ 4.35

ಬಣ್ಣದ ಕೋಣೆ. ಸಿಯುಕಿಮ್‌ಳ ಕೊನೆಯ ಹಾಡು ನಡೆಯುತ್ತಿದೆ. ಅದು ಮುಗಿದರೆ ನಮ್ಮೆಲ್ಲರ ಕೊನೆಯ ಪ್ರವೇಶ. ಆರೇಳು ನಿಮಿಷ ಸಿಗುತ್ತದೆ. ಬರೆಯದೆ ಇರಲಾಗುತ್ತಿಲ್ಲ. ಅಕ್ಷರ ಹೇಗಿದ್ದರೆ ಏನು.

ಕಣ್ಣಿನ ದೃಶ್ಯ ಈಗ ತಾನೆ ಮುಗಿಯಿತು.

ಹದಿನೇಳು ಹೆಜ್ಜೆ. ಆರು. ನಿಂತೆ. ಎದುರಿಗೆಲ್ಲ ಮಂಜು. ಆರುನೂರ ನಲವತ್ತು ಜನ ಒಂದೇ ಬೂದು ಮೋಡ. ಆ ಮೋಡದ ಮುಂದೆ ಒಂದೇ ಒಂದು ಮುಖ ಸ್ಪಷ್ಟ. ಒಂದು ಮಾರು ದೂರದಲ್ಲಿ ಅತ್ತೆ, ಚಹಾದ ಕೆಟಲ್ ಹಿಡಿದು. ಕಾಡಿಗೆ ಇಲ್ಲದ ಅವರ ಕಣ್ಣನ್ನು ರಂಗದ ಮೇಲೆ ನಾನು ನೋಡಿದ್ದೇ ಇಲ್ಲ. ಸಣ್ಣ ಕಣ್ಣು. ಸುತ್ತ ಸುಕ್ಕು. ಬಿಳಿ ಮಾತ್ರ ತೊಳೆದ ಪಿಂಗಾಣಿಯ ಹಾಗೆ.

ಡೋಲು ಒಂದು. ಎರಡು. ಮೂರು.

ನಾನು ನಟಿಸಬೇಕೆಂದಿದ್ದೆಲ್ಲ ಮರೆತುಹೋಯಿತು. ಇದೇ ಕಣ್ಣನ್ನು ನಾನು ಹಾಳು ಮಾಡಬಹುದಿತ್ತು ಅಂತ ಒಂದೇ ಯೋಚನೆ. ಇದೇ ಕಣ್ಣಿನ ಕೆಳರೆಪ್ಪೆಯನ್ನು ಒಂದು ವಾರ ದಿನಕ್ಕೆ ನಾಲ್ಕು ಸಲ ಈ ಬೆರಳಲ್ಲೇ ಎಳೆದಿದ್ದೇನೆ. ಅದರ ಪ್ರತಿ ಗೆರೆ ಗೊತ್ತು. ನೋಡಿದೆ. ಸುಮ್ಮನೆ ನೋಡಿದೆ.

ಡೋಲಿನ ಹದಿನೆಂಟನೆಯ ಪೆಟ್ಟು ಬಿದ್ದಾಗ ಅತ್ತೆ ಮುಖ ತಿರುಗಿಸಬೇಕು, ತಾಲೀಮಿನಲ್ಲಿ ಹಾಗೇ ಇತ್ತು. ತಿರುಗಿಸಲಿಲ್ಲ! ನೋಡುತ್ತಲೇ ನಿಂತರು. ಬುನ್ಸಿಂಗ್ ಮಾವನಿಗೂ ಗೊತ್ತಾಯಿತು. ಡೋಲು ಮೆಲ್ಲಗಾಯಿತು, ಇನ್ನೂ ಮೆಲ್ಲಗೆ... ಅತ್ತೆಯ ಬಲಗಣ್ಣಿನಿಂದ ಒಂದು ಹನಿ ಇಳಿಯಿತು. ಗಲ್ಲದವರೆಗೂ. ಕಪ್ಪು ಕಲೆಯಿಲ್ಲ, ಬಣ್ಣ ಕದಡಲಿಲ್ಲ. ಬರಿ ನೀರು, ದೀಪದಲ್ಲಿ ಹೊಳೆಯುತ್ತ.

ಇಡೀ ಮಂಜಿನಿಂದ ಒಂದು ಸದ್ದು ಬಂತು. ಚಪ್ಪಾಳೆ ಅಲ್ಲ. ಆರುನೂರು ಜನ ಒಟ್ಟಿಗೆ ಉಸಿರು ಎಳೆದುಕೊಂಡ ಸದ್ದು. ಹಿಂದಿನ ಸಾಲಿನವರೆಗೂ. ಅವರಿಗೆ ಕಂಡಿತು! ಕಂಡಿತು!

ಒಳಗೆ ಬಂದ ಮೇಲೆ ಅತ್ತೆ ನನ್ನ ಕಿವಿ ಹಿಂಡಿದರು. "ಮೂವತ್ತಾರಕ್ಕೆ ನಿಲ್ಲಿಸ್ಬೇಕಿತ್ತು. ನಲವತ್ತೊಂದು ಆಯ್ತು."

"ನೀವೇ ತಿರುಗ್ಲಿಲ್ಲ ಅತ್ತೆ!"

"ಹೇಗೆ ತಿರುಗ್ಲಿ? ನಲವತ್ತು ವರ್ಷ ಆ ಜಾಗದಲ್ಲಿ ನಿಂತೋಳು ನಾನು. ಆ ಕಡೆಯಿಂದ ಹೇಗೆ ಕಾಣುತ್ತೆ ಅಂತ ಇವತ್ತು ಗೊತ್ತಾಯ್ತು." ಹೇಳಿ ಗರಿ ನೆಟ್ಟಗೆ ಮಾಡಿದರು, ನನ್ನ ಕೊರಳಿನ ದಾರ ಬಿಗಿ ಮಾಡಿದರು. ಆಮೇಲೆ ಅಲ್ಲಿಯವರೆಗೆ ಯಾರಿಗೂ ಮಾಡದ್ದನ್ನು ಮಾಡಿದರು. ಎರಡು ಕೈ ಜೋಡಿಸಿ, ನನ್ನ ಮುಂದೆ, ಸ್ವಲ್ಪವೇ ಬಗ್ಗಿ...

ಸಿಯುಕಿಮ್ ಕೊನೆಯ ಸಾಲಿಗೆ ಬಂದಳು. ಮಾವನ ಡೋಲು ಎದ್ದಿದೆ. ಅತ್ತೆ ಬಾಗಿಲಲ್ಲಿ ನಿಂತು ಕೈ ಚಾಚಿದ್ದಾರೆ, ಮುಂದೆ ನೀನು ನಡಿ, ನಾನು ಹಿಂದೆ ಬರ್ತೀನಿ ಅಂತ. ಮುಂದೆ! ನಾನು! ಬಾಗಿಲ ಪರದೆ ಸರಿಯುತ್ತಿದೆ, ಪುಸ್ತಕ ಮುಚ್ಚಬೇಕು, ಈಗ ನಾನು...